ಹೊಟ್ಟೆ ಪರೀಕ್ಷೆ: ಮುಟ್ಟೋಕಿಂತ ಮೊದ್ಲು ಸ್ಟೆತಸ್ಕೋಪ್ ಇಟ್ಟು ಕೇಳ್ಬೇಕು ಅಂತಾರಲ್ರಿ, ಯಾಕ?

ಸೆಕೆಂಡ್_ಸೆಮ್_ಬಾಗಲಕೋಟಿ:

ಎಲ್ಲಾರಿಗೂ ನಮಸ್ಕಾರ್ರಿ. ಬಿಎಸ್ಸಿ ನರ್ಸಿಂಗ್ ಎರಡನೇ ಸೆಮಿಸ್ಟರ್. ಹೆಲ್ತ್ ಅಸೆಸ್‌ಮೆಂಟ್ ಪ್ರಾಕ್ಟಿಕಲ್‌ದಾಗ ಅಬ್ಡಾಮೆನ್ ಬರ್ತೈತಿ. ಪುಸ್ತಕದಾಗ ಓದಿದ್ದು ಬೆಡ್ ಮುಂದ ನಿಂತಾಗ ಒಂದೂ ನೆನಪಿಗೆ ಬರವಲ್ದು.

ಎದಿ ಪರೀಕ್ಷಾಕ್ಕ ನೋಡು, ಮುಟ್ಟು, ತಟ್ಟು, ಕೇಳು. ಹೊಟ್ಟಿಗೆ ಬಂದ್ರ ನೋಡು, ಕೇಳು, ತಟ್ಟು, ಮುಟ್ಟು. ಹಿಂಗ್ಯಾಕ ಉಲ್ಟಾ? ನಾಲ್ಕು ಕ್ವಾಡ್ರಂಟ್‌ದಾಗ, ಅಂದ್ರ ಹೊಟ್ಟಿಯ ನಾಲ್ಕು ಭಾಗದಾಗ, ಯಾವುದರಿಂದ ಸುರು ಮಾಡೋದು? ಬವೆಲ್ ಸೌಂಡ್ (ಕರುಳಿನ ಸದ್ದು) ಎಷ್ಟೊತ್ತು ಕೇಳ್ಬೇಕು? ಒಬ್ರು ಒಂದು ನಿಮಿಷ ಸಾಕಂತಾರ, ಇನ್ನೊಬ್ರು ಐದು ನಿಮಿಷ ಅಂತಾರ. ತಟ್ಟಿದ್ರ ನನಗ ಎಲ್ಲಾ ಕಡೆ ಒಂದೇ ಸಪ್ಪಳ ಕೇಳಸ್ತೈತಿ. ಲಿವರ್ ಅಂತೂ ಕೈಗೆ ಸಿಗವಲ್ದು. ಒಂಬತ್ತು ಭಾಗದ ಗೆರಿ ಎಲ್ಲಿಂದ ಎಲ್ಲಿಗೆ ಎಳೆಯೋದು ಅನ್ನೋದನ್ನೂ ಯಾರರ ಬಿಡಿಸಿ ಹೇಳ್ರಿ.

ಬೆಳಗಾವಿ_ಟ್ಯೂಟರ್:

ಕ್ರಮದಿಂದಲೇ ಶುರು ಮಾಡೋಣ. ಕರುಳು ಸುಮ್ಮನೆ ಬಿದ್ದಿರುವ ಅಂಗ ಅಲ್ಲ. ಮೇಲಿಂದ ಒತ್ತಿದರೆ, ತಟ್ಟಿದರೆ ಒಳಗಿನ ಗಾಳಿ ಮತ್ತು ನೀರು ಜಾಗ ಬದಲಿಸುತ್ತವೆ, ಕರುಳಿನ ಚಲನೆಯೂ ಕೆರಳಬಹುದು. ಆಮೇಲೆ ಸ್ಟೆತ್ ಇಟ್ಟರೆ ನೀವೇ ಎಬ್ಬಿಸಿದ ಸದ್ದನ್ನು ಕೇಳಿ ರೋಗಿಯದು ಅಂತ ಬರೆದುಬಿಡುತ್ತೀರಿ. ಇನ್ನೊಂದು ಕಾರಣವೂ ಇದೆ. ನೋವಿರುವ ಜಾಗವನ್ನು ಮೊದಲೇ ಒತ್ತಿದರೆ ರೋಗಿ ಹೊಟ್ಟೆ ಬಿಗಿ ಹಿಡಿಯುತ್ತಾರೆ. ಒಮ್ಮೆ ಬಿಗಿ ಹಿಡಿದ ಹೊಟ್ಟೆಯಲ್ಲಿ ಲಿವರ್ ಇರಲಿ, ಏನೂ ಕೈಗೆ ಸಿಗುವುದಿಲ್ಲ. ಅದಕ್ಕೇ ಮುಟ್ಟುವುದು ಕೊನೆಗೆ, ಅದರಲ್ಲೂ ನೋವಿರುವ ಜಾಗ ಎಲ್ಲಕ್ಕಿಂತ ಕೊನೆಗೆ. "ಎಲ್ಲಿ ನೋಯುತ್ತೆ, ಒಂದು ಬೆರಳಿನಿಂದ ತೋರಿಸಿ" ಅಂತ ಆರಂಭದಲ್ಲೇ ಕೇಳಿಟ್ಟುಕೊಳ್ಳಿ. ಒಂದು ಬೆರಳಿಟ್ಟು ತೋರಿಸುವುದಕ್ಕೂ ಇಡೀ ಅಂಗೈ ಆಡಿಸಿ ತೋರಿಸುವುದಕ್ಕೂ ವ್ಯತ್ಯಾಸವಿದೆ, ಆ ಮಾತಿಗೆ ಆಮೇಲೆ ಬರ್ತೀನಿ.

ಲಿವರ್ ಸಿಗದಿರುವುದಕ್ಕೆ ಅರ್ಧ ಕಾರಣ ತಯಾರಿಯಲ್ಲೇ ಇರುತ್ತದೆ. ರೋಗಿ ಮೂತ್ರ ಮಾಡಿ ಬಂದಿರಬೇಕು. ಅಂಗಾತ ಮಲಗಿಸಿ, ತಲೆಗೆ ಒಂದೇ ದಿಂಬು, ಮೊಣಕಾಲು ಮಡಚಿಸಿ ಅದರ ಕೆಳಗೊಂದು ದಿಂಬು ಅಥವಾ ಸುತ್ತಿದ ಚಾದರ. ಕೈ ಎರಡೂ ಪಕ್ಕದಲ್ಲಿ. ಎಷ್ಟೋ ಜನ ಕೈಯನ್ನು ತಲೆ ಕೆಳಗೆ ಇಟ್ಟುಕೊಂಡು ಆರಾಮಾಗಿ ಮಲಗುತ್ತಾರೆ. ನೋಡೋಕೆ ಆರಾಮ, ಆದರೆ ಪಕ್ಕೆಲುಬು ಮೇಲೆದ್ದು ಹೊಟ್ಟೆಯ ಮುಂಭಾಗದ ಉದ್ದನೆಯ ರೆಕ್ಟಸ್ ಸ್ನಾಯು ಹಗ್ಗದ ಹಾಗೆ ಬಿಗಿಯುತ್ತದೆ. ಎದೆಮೂಳೆಯ ತುದಿಯಿಂದ ತೊಡೆಸಂದಿನವರೆಗೆ ಕಾಣಬೇಕು, ಎದೆ ಮತ್ತು ಗುಪ್ತಾಂಗದ ಭಾಗ ಮುಚ್ಚಿರಬೇಕು. ಸೀರೆ ಉಟ್ಟವರಲ್ಲಿ ಪರಕಾರದ ಲಾಡಿ ಬಿಚ್ಚಿ ಸಡಿಲ ಮಾಡದೆ ಪರೀಕ್ಷೆ ಮಾಡಿದರೆ ಕಿಬ್ಬೊಟ್ಟೆ ಪೂರ್ತಿ ಬಿಟ್ಟುಹೋಗುತ್ತದೆ. ಪರದೆ ಎಳೆಯಿರಿ, ಹೇಳಿ ಕೇಳಿ ಬಿಚ್ಚಿಸಿ. ನೀವು ರೋಗಿಯ ಬಲಗಡೆ ನಿಲ್ಲಬೇಕು. ಉಗುರು ಕತ್ತರಿಸಿರಬೇಕು, ಕೈಯೂ ಸ್ಟೆತ್ತಿನ ಮುಖವೂ ಉಜ್ಜಿ ಬಿಸಿ ಮಾಡಿರಬೇಕು. ಥಂಡಿ ಕೈ ತಾಗಿದ ಕ್ಷಣ ಹೊಟ್ಟೆ ಎಗರುತ್ತದೆ.

ಗೆರೆಗಳ ವಿಷಯ. ನಾಲ್ಕು ಭಾಗ ಸುಲಭ. ಹೊಕ್ಕಳಿನ ಮೇಲೆ ಒಂದು ನೆಟ್ಟಗೆ, ಒಂದು ಅಡ್ಡ. ಒಂಬತ್ತು ಭಾಗಕ್ಕೆ ಎರಡೂ ಕಾಲರ್ ಬೋನಿನ ಮಧ್ಯದಿಂದ ಕೆಳಗಿಳಿಯುವ ಎರಡು ನೆಟ್ಟ ಗೆರೆ. ಅಡ್ಡ ಗೆರೆಗಳಲ್ಲಿ ಮೇಲಿನದು ಪಕ್ಕೆಲುಬಿನ ಗೂಡಿನ ಅತಿ ಕೆಳಗಿನ ಅಂಚನ್ನು, ಅಂದರೆ 10ನೇ ಪಕ್ಕೆಲುಬಿನ ತಳವನ್ನು ಸೇರಿಸುವುದು. ಕೆಳಗಿನದು ಸೊಂಟದ ಮೂಳೆಯ ಎರಡೂ ಕಡೆಯ ಟ್ಯೂಬರ್ಕಲ್ (ಮೂಳೆಯ ಉಬ್ಬು) ಸೇರಿಸುವುದು. ಮೊದಲನೆಯದು ಎಲ್3, ಎರಡನೆಯದು ಎಲ್5, ಅಂದರೆ ಸೊಂಟದ 3ನೇ ಮತ್ತು 5ನೇ ಕಶೇರುಕದ ಮಟ್ಟ. ಕೆಲವು ಪುಸ್ತಕಗಳು ಮೇಲಿನ ಗೆರೆಗೆ ಎಲ್1 ಮಟ್ಟದ ಟ್ರಾನ್ಸ್‌ಪೈಲೋರಿಕ್ ಪ್ಲೇನ್ ಹಿಡಿಯುತ್ತವೆ, ಅದೂ ತಪ್ಪಲ್ಲ. ವೈವಾದಲ್ಲಿ ಯಾವುದನ್ನು ಹೇಳ್ತೀರೋ ಅದರ ಮಟ್ಟವನ್ನೇ ಹೇಳಿ, ಎರಡನ್ನೂ ಕಲಸಬೇಡಿ. ವಾರ್ಡಿನಲ್ಲಿ ಬರೆಯೋಕೆ ನಾಲ್ಕು ಕ್ವಾಡ್ರಂಟ್ ಸಾಕು. ಆದರೆ ಎಪಿಗ್ಯಾಸ್ಟ್ರಿಯಂ (ನಡುವಿನ ಮೇಲ್ಭಾಗ), ಹೊಕ್ಕಳ ಸುತ್ತ, ಹೈಪೋಗ್ಯಾಸ್ಟ್ರಿಯಂ (ನಡುವಿನ ಕೆಳಭಾಗ) ಈ ಮೂರು ಹೆಸರು ದಿನವೂ ಬೇಕಾಗುತ್ತವೆ.

ಯಾವ ಭಾಗದಲ್ಲಿ ಏನಿದೆ ಅನ್ನುವುದನ್ನು ಪಟ್ಟಿ ಬಾಯಿಪಾಠ ಮಾಡಿದರೆ ಎರಡು ದಿನದಲ್ಲಿ ಮರೆಯುತ್ತೆ. ದೊಡ್ಡ ಕರುಳಿನ ದಾರಿ ಹಿಡಿದು ನಡೆಯಿರಿ. ಬಲ ಕೆಳಗೆ ಸೀಕಮ್ (ದೊಡ್ಡ ಕರುಳಿನ ಆರಂಭ) ಮತ್ತು ಅದಕ್ಕೆ ಜೋತ ಅಪೆಂಡಿಕ್ಸ್. ಅಲ್ಲಿಂದ ಅಸೆಂಡಿಂಗ್ ಕೋಲನ್ ಮೇಲೇರಿ ಲಿವರಿನ ಅಡಿಯಲ್ಲಿ ತಿರುಗುತ್ತದೆ. ಅದೇ ಬಲ ಮೇಲ್ಭಾಗದಲ್ಲಿ ಪಿತ್ತಕೋಶ, ಡ್ಯುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪ್ಯಾಂಕ್ರಿಯಾಸಿನ (ಮೇದೋಜೀರಕದ) ತಲೆ, ಹಿಂದೆ ಬಲ ಕಿಡ್ನಿ. ಟ್ರಾನ್ಸ್‌ವರ್ಸ್ ಕೋಲನ್ ಅಡ್ಡ ಹಾಯ್ದು ಎಡ ಮೇಲ್ಭಾಗದಲ್ಲಿ ಸ್ಪ್ಲೀನ್ (ಗುಲ್ಮ) ಬಳಿ ತಿರುಗುತ್ತದೆ. ಅಲ್ಲಿ ಜಠರ, ಪ್ಯಾಂಕ್ರಿಯಾಸಿನ ಬಾಲ, ಎಡ ಕಿಡ್ನಿ. ಡಿಸೆಂಡಿಂಗ್ ಕೋಲನ್ ಇಳಿದು ಎಡ ಕೆಳಭಾಗದಲ್ಲಿ ಸಿಗ್ಮಾಯ್ಡ್ ಆಗುತ್ತದೆ. ಕೆಳಗಿನ ಎರಡೂ ಭಾಗದಲ್ಲಿ ಹೆಣ್ಣುಮಕ್ಕಳಿಗೆ ಅಂಡಾಶಯ ಮತ್ತು ನಾಳ ಸೇರಿಸಿಕೊಳ್ಳಿ. ನಡುಗೆರೆಯಲ್ಲಿ ಅಯೋರ್ಟಾ (ಮಹಾಪಧಮನಿ), ಮೂತ್ರಕೋಶ, ಗರ್ಭಕೋಶ. ಸ್ಟೆತ್ ಇಡುವ ಕ್ರಮವೂ ಇದೇ ದಾರಿ.

ಸರ್ಜಿಕಲ್_ವಾರ್ಡ್_ವಿಜಯಪುರ:

ಟ್ಯೂಟರ್ ಮೇಡಮ್ ತಯಾರಿ ಹೇಳ್ಯಾರ, ನಾ ನೋಡೋದು ಮತ್ತ ಕೇಳೋದು ಹೇಳ್ತೀನಿ.

ನೋಡೋದಂದ್ರ ಮ್ಯಾಲಿಂದ ಒಂದ್ಸಲ ಕಣ್ಣಾಡಿಸೋದಲ್ಲ. ಕುಂತೋ ಬಗ್ಗಿಯೋ ನಿಮ್ಮ ಕಣ್ಣು ಹೊಟ್ಟಿ ಮಟ್ಟಕ್ಕ ತರ್ರಿ, ಬೆಳಕು ಬಾಜೂದಿಂದ ಬರ್ಲಿ. ಆಗ ಹೊಟ್ಟಿ ಒಳಗ ತಗ್ಗಿದ್ದು, ಚಪ್ಪಟಿದ್ದು, ದುಂಡಗಿದ್ದು, ಉಬ್ಬಿದ್ದು ತಿಳೀತದ. ಎಡಬಲ ಸಮ ಅದನೋ ಇಲ್ಲೋ ನೋಡ್ರಿ. ಉಬ್ಬಿದ್ರ ಆರು ಕಾರಣ ಮನಸಿಗೆ ಬರ್ಬೇಕು: ಕೊಬ್ಬು, ನೀರು, ಗಾಳಿ, ಮಲ, ಗರ್ಭ, ಗಡ್ಡಿ. ಹೊಕ್ಕಳ ಒಳಗ ಅದಯೋ ಹೊರಗ ಬಂದದಯೋ? ನೀರು ತುಂಬಿದ ಹೊಟ್ಟಿಯೊಳಗ ಹೊಕ್ಕಳ ಚಪ್ಪಟಿ ಆಗ್ತದ ಇಲ್ಲಾ ಹೊರಗ ಬರ್ತದ, ಬಗಲಿನ ಕಡೆ ಹೊಟ್ಟಿ ಜೋಲ್ತದ. ಬರೇ ಕೊಬ್ಬಾದ್ರ ಹೊಕ್ಕಳ ಒಳಗ ಮುಳಗಿರ್ತದ. ಇದೊಂದು ನೋಡಿದ್ರ ಅರ್ಧ ಉತ್ತರ ಸಿಕ್ಕಂಗ.

ಹಳೆ ಆಪರೇಶನ್ ಗುರುತು ಎಲ್ಲಿ ಅದ, ಎಷ್ಟು ಉದ್ದ ಅದ ಬರೀರಿ. ಹಳೆ ಗಾಯದ ಒಳಗಿನ ಅಂಟು ಮುಂದ ಕರುಳು ಕಟ್ಟಾಕ ಕಾರಣ ಆಗ್ತದ. ನಮ್ಮ ಕಡೆ ಹೊಟ್ಟಿ ಮ್ಯಾಲ ಬರಿ ಹಾಕಿದ ಕಲಿನೂ ಒಮ್ಮೊಮ್ಮೆ ಕಾಣಸ್ತಾವ, ಸಣ್ಣ ಮಕ್ಕಳೊಳಗೂ. ಬೈಬ್ಯಾಡ್ರಿ, ಯಾವಾಗ ಹಾಕಿಸಿದ್ರಿ, ಯಾತಕ್ಕ ಅಂತ ಕೇಳ್ರಿ. ಜಡ್ಡು ಎಷ್ಟು ದಿನದ್ದು ಅನ್ನೋದು ಅಲ್ಲೇ ಗೊತ್ತಾಗ್ತದ. ಲಾಡಿ ಕಟ್ಟಿ ಕಟ್ಟಿ ನಡದ ಸುತ್ತ ಬಿದ್ದ ಕರಿ ಗೆರಿ ರೋಗ ಅಲ್ಲ, ಅದನ್ನ ಬೇರೇನೋ ಅಂತ ಬರಿಬ್ಯಾಡ್ರಿ. ಹೊಕ್ಕಳ ಸುತ್ತ ನೀಲಿ ಆಗಿದ್ರ ಕಲೆನ್ಸ್ ಸೈನ್, ಬಗಲಿಗೆ ನೀಲಿ ಆಗಿದ್ರ ಗ್ರೇ ಟರ್ನರ್ ಸೈನ್. ಎರಡೂ ಒಳಗ ರಕ್ತ ಸೋರಿದ್ದರ ಸೂಚನಾ, ಜೋರಾದ ಪ್ಯಾಂಕ್ರಿಯಾಟೈಟಿಸ್‌ದಾಗ (ಪ್ಯಾಂಕ್ರಿಯಾಸಿನ ಉರಿಯೂತ) ಕಾಣಸ್ಬಹುದು. ಕಪ್ಪು ಚರ್ಮದ ಮ್ಯಾಲ ಈ ಬಣ್ಣ ಲಗೂನ ಕಾಣಸೂದಿಲ್ಲ, ಬೆಳಕು ಹತ್ರ ಹಿಡೀರಿ. ಕಾಮಣಿ ಅದಯೋ ಅನ್ನೋದನ್ನ ಹೊಟ್ಟಿ ಚರ್ಮದಾಗ ಹುಡುಕಬ್ಯಾಡ್ರಿ, ಕಣ್ಣಿನ ಬಿಳಿ ಭಾಗ ನೋಡ್ರಿ.

ತಲಿ ಸ್ವಲ್ಪ ಎತ್ತರಿ ಅಂತ ಹೇಳ್ರಿ. ಹರ್ನಿಯಾ ಇದ್ರ ಉಬ್ಬಿ ಹೊರಗ ಬರ್ತದ. ಬಾಳ ಹೆರಿಗಿ ಆದವರೊಳಗ ನಡಗೆರಿ ಮ್ಯಾಲ ಉದ್ದಕ ಏಣಿನಂಗ ಏಳ್ತದ, ಅದು ರೆಕ್ಟಸ್ ಸ್ನಾಯು ಎರಡೂ ಕಡೆ ಸರದಿದ್ದು.

ಇನ್ನ ಕೇಳೋದು. ಸ್ಟೆತ್‌ನ ಡಯಾಫ್ರಮ್ (ಅಗಲ ಚಪ್ಪಟಿ ಮುಖ) ಹಗುರಕ ಇಡ್ರಿ, ಒತ್ತಬ್ಯಾಡ್ರಿ. ಬಲ ಕೆಳಭಾಗದಿಂದ ಸುರು, ಯಾಕಂದ್ರ ಸಣ್ಣ ಕರುಳು ದೊಡ್ಡ ಕರುಳಿಗೆ ಕೂಡೋ ಇಲಿಯೋಸೀಕಲ್ ವಾಲ್ವ್ ಅಲ್ಲೇ ಅದ, ಸದ್ದು ಸಾಮಾನ್ಯವಾಗಿ ಅಲ್ಲಿ ಯಾವಾಗ್ಲೂ ಸಿಗ್ತದ. ಗುಳುಗುಳು, ಟಕ್ ಟಕ್ ಅಂತ ಬಿಟ್ಟು ಬಿಟ್ಟು ಬರ್ತದ. ನಿಮಿಷಕ್ಕ 5ರಿಂದ 30 ಬಂದ್ರ ನಾರ್ಮಲ್. ಊಟ ಆದ ಕೂಡ್ಲೆ ಕೇಳಿದ್ರ ಲೆಕ್ಕ ತಪ್ಪತದ. ಬೇದಿ ಹತ್ತಿದಾಗ, ಕರುಳು ಕಟ್ಟಾಕ ಸುರು ಆದಾಗ ಸದ್ದು ಜೋರು, ಎತ್ತರದ ದನಿಯೊಳಗ. ಆಪರೇಶನ್ ಆದ್ಮ್ಯಾಲ, ಪೆರಿಟೋನೈಟಿಸ್‌ದಾಗ (ಹೊಟ್ಟಿ ಒಳಪೊರಿ ಪೆರಿಟೋನಿಯಮ್‌ನ ಉರಿಯೂತ), ಪೊಟ್ಯಾಸಿಯಮ್ ಕಡಿಮಿ ಆದಾಗ ಸದ್ದು ಮಂದ. ಹಂಗ ಬೆಲ್ (ಸ್ಟೆತ್‌ನ ಸಣ್ಣ ಗಂಟಿಯಂಥ ಮುಖ) ತಿರುಗಿಸಿ ಹೊಕ್ಕಳ ಮ್ಯಾಲ ನಡಗೆರಿಯೊಳಗ ಅಯೋರ್ಟಾ, ಅದರ ಎಡಬಲಕ್ಕ ರೀನಲ್ (ಕಿಡ್ನಿಗೆ ಹೋಗೋ ರಕ್ತನಾಳ), ಕೆಳಗ ಇಲಿಯಾಕ್ (ಕಾಲ ಕಡೆ ಹೋಗೋ ರಕ್ತನಾಳ) ಕೇಳ್ರಿ. ಸುಯ್ ಸುಯ್ ಅನ್ನೋ ಬ್ರೂಯಿ ಕೇಳಿಸಿದ್ರ ಅಲ್ಲಿಗೆ ನಿಲ್ಲಸ್ರಿ, ಆ ಜಾಗ ಒತ್ತಬ್ಯಾಡ್ರಿ, ಡಾಕ್ಟರ್‌ಗೆ ಹೇಳ್ರಿ.

ಒಂದು ಖಬರಿರ್ಲಿ: ಮೂಗಿನ ನಳಿಗೆ, ಅಂದ್ರ ರೈಲ್ಸ್ ಟ್ಯೂಬಿಗೆ ಸಕ್ಷನ್ ಚಾಲೂ ಇದ್ರ ಆ ಸಕ್ಷನ್ ಸದ್ದೇ ಬವೆಲ್ ಸೌಂಡ್‌ನಂಗ ಕೇಳಸ್ತದ. ಕೇಳೋ ಹೊತ್ತಿಗೆ ಬಂದ್ ಮಾಡ್ರಿ, ಮುಗಿದ ಕೂಡ್ಲೆ ಮತ್ತ ಚಾಲೂ ಮಾಡೋದು ಮರಿಬ್ಯಾಡ್ರಿ. ಹೆಚ್ಚಿನವರು ಮರೆಯೋದು ಎರಡನೇದ್ದನ್ನ.

ಐಸಿಯು_ನೈಟ್:

ಎಷ್ಟು ನಿಮಿಷ ಅನ್ನೋದಕ್ಕೆ ನೇರ ಉತ್ತರ: ಸದ್ದು ಕೇಳಿಸಿತು ಅಂದರೆ "ಇದೆ" ಅನ್ನೋಕೆ ಒಂದು ನಿಮಿಷವೂ ಬೇಡ, ಎಣಿಸಬೇಕು ಅಂದರೆ ಒಂದು ನಿಮಿಷ. "ಇಲ್ಲವೇ ಇಲ್ಲ" ಅಂತ ಬರೆಯಬೇಕಾದರೆ ಮಾತ್ರ 5 ನಿಮಿಷ, ಗಡಿಯಾರ ನೋಡಿಕೊಂಡು. ಕೆಲವು ಪುಸ್ತಕಗಳು ಒಂದೊಂದು ಕ್ವಾಡ್ರಂಟ್‌ಗೂ ಐದೈದು ಅನ್ನುತ್ತವೆ. ನಿಮ್ಮ ಕಾಲೇಜಿನ ಚೆಕ್‌ಲಿಸ್ಟಿನಲ್ಲಿ ಏನಿದೆಯೋ ಪರೀಕ್ಷೆಯಲ್ಲಿ ಅದನ್ನೇ ಹೇಳಿ. ನನ್ನ ಲೆಕ್ಕದಲ್ಲಿ ಬವೆಲ್ ಸೌಂಡಿಗೆ ಜನ ಕೊಡಬೇಕಾದ್ದಕ್ಕಿಂತ ಜಾಸ್ತಿ ಬೆಲೆ ಕೊಡ್ತಾರೆ. ಆಪರೇಶನ್ ಆದ ಮೇಲೆ ಸಣ್ಣ ಕರುಳು 24 ಗಂಟೆಯೊಳಗೆ, ಜಠರ 24ರಿಂದ 48 ಗಂಟೆಯಲ್ಲಿ, ದೊಡ್ಡ ಕರುಳು 48ರಿಂದ 72 ಗಂಟೆಯಲ್ಲಿ ಕೆಲಸಕ್ಕೆ ಮರಳುತ್ತೆ. ಹೀಗಾಗಿ ಮೊದಲ ದಿನವೇ ಗುಳುಗುಳು ಕೇಳಿಸಿತು ಅಂತ ಇಡೀ ಕರುಳು ಎದ್ದಿದೆ ಅನ್ನುವ ಹಾಗಿಲ್ಲ. ಗಾಳಿ ಹೋಯಿತಾ, ವಾಂತಿ ನಿಂತಿತಾ, ಹೊಟ್ಟೆ ಇಳಿಯಿತಾ, ಇವನ್ನು ಕೇಳಿ. ಗಾಳಿ ಹೋಗಿದ್ದು ಗುಳುಗುಳುಗಿಂತ ಗಟ್ಟಿ ಸಾಕ್ಷಿ.

ಸೆಕೆಂಡ್_ಸೆಮ್_ಬಾಗಲಕೋಟಿ:

ಥ್ಯಾಂಕ್ಸ್ ರೀ, ಕೇಳೋದು ಕ್ಲಿಯರ್ ಆತು. ತಟ್ಟೋದು ಮತ್ತ ಲಿವರ್ ಮುಟ್ಟೋದು ಹೇಳ್ರಿ ಮೇಡಮ್. ನನ್ನ ಬೆರಳ ಸಪ್ಪಳನೇ ಬರವಲ್ದು.

ಬೆಳಗಾವಿ_ಟ್ಯೂಟರ್:

ಸಪ್ಪಳ ಬರದಿದ್ದರೆ ಮೊದಲು ಎಡಗೈ ನೋಡಿಕೊಳ್ಳಿ. ಎಡಗೈಯ ನಡುಬೆರಳು ಮಾತ್ರ ಚರ್ಮಕ್ಕೆ ಗಟ್ಟಿಯಾಗಿ ಅಂಟಿರಬೇಕು, ಉಳಿದ ಬೆರಳು, ಅಂಗೈ ಎಲ್ಲ ಮೇಲೆದ್ದಿರಬೇಕು. ಅವು ತಾಗಿದರೆ ಸದ್ದನ್ನು ನುಂಗಿಬಿಡುತ್ತವೆ. ಬಲಗೈಯ ನಡುಬೆರಳ ತುದಿಯಿಂದ ಎಡ ಬೆರಳಿನ ಕೊನೆಯ ಗೆಣ್ಣಿನ ಮೇಲೆ ಎರಡು ಸಲ ಟಕ್ ಟಕ್. ಆಡಬೇಕಾದ್ದು ಮಣಿಕಟ್ಟು, ಮೊಣಕೈ ಅಲ್ಲ. ಹೊಡೆದ ಬೆರಳು ಬಿಸಿ ಹಂಚಿಗೆ ತಾಗಿದ ಹಾಗೆ ತಟ್ಟನೆ ಮೇಲೇಳಬೇಕು. ಅಲ್ಲೇ ಒತ್ತಿ ನಿಂತರೆ ಎಲ್ಲವೂ ಮಂದವೇ.

ಕಿವಿ ಪಳಗಿಸೋಕೆ ಹೊಟ್ಟೆ ಬೇಡ, ಮನೆಯಲ್ಲೇ ಆಗುತ್ತೆ. ಖಾಲಿ ಕೊಡದ ಹೊಟ್ಟೆಗೂ ಜೋಳ ತುಂಬಿದ ಚೀಲಕ್ಕೂ ತಟ್ಟಿ ನೋಡಿ. ಮೊದಲನೆಯದು ಟಿಂಪನಿ, ಗಾಳಿ ತುಂಬಿದ ಕರುಳಿನ ಸದ್ದು, ಹೊಟ್ಟೆಯ ಬಹುಭಾಗದಲ್ಲಿ ಸಿಗುವುದು ಇದೇ. ಎರಡನೆಯದು ಡಲ್‌ನೆಸ್, ಲಿವರ್, ತುಂಬಿದ ಮೂತ್ರಕೋಶ, ಗಡ್ಡೆ, ನೀರು. ಟಿಂಪನಿಯಿಂದ ಡಲ್ ಕಡೆಗೆ ಸಾಗಿದರೆ ವ್ಯತ್ಯಾಸ ಬೇಗ ಗೊತ್ತಾಗುತ್ತೆ. ಡಲ್‌ನಲ್ಲೇ ಶುರು ಮಾಡಿದರೆ ಕಿವಿ ಮೋಸ ಹೋಗುತ್ತೆ.

ಲಿವರ್ ಅಳತೆ: ಬಲ ಮಿಡ್‌ಕ್ಲಾವಿಕ್ಯುಲರ್ ಗೆರೆಯಲ್ಲಿ (ಕಾಲರ್ ಬೋನಿನ ಮಧ್ಯದಿಂದ ಇಳಿಯುವ ನೆಟ್ಟ ಗೆರೆ) ಹೊಕ್ಕಳಿಗಿಂತ ಕೆಳಗಿನಿಂದ ಟಿಂಪನಿ ಇರುವ ಕಡೆ ಶುರು ಮಾಡಿ ಮೇಲಕ್ಕೆ ತಟ್ಟುತ್ತಾ ಬನ್ನಿ. ಡಲ್ ಆದ ಜಾಗ ಕೆಳ ಅಂಚು, ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಎದೆಯ ಮೇಲಿಂದ, ಶ್ವಾಸಕೋಶದ ಟೊಳ್ಳು ಸದ್ದಿನಿಂದ ಕೆಳಕ್ಕೆ ತಟ್ಟಿ. ಸಾಮಾನ್ಯವಾಗಿ 5ನೇ ಪಕ್ಕೆಲುಬಿನ ಸಂದಿನ ಸುತ್ತಮುತ್ತ ಡಲ್ ಆಗುತ್ತೆ, ಅದು ಮೇಲಿನ ಅಂಚು. ಎರಡರ ನಡುವೆ 6ರಿಂದ 12 ಸೆಂ.ಮೀ ನಾರ್ಮಲ್. ಹೆಣ್ಣುಮಕ್ಕಳಲ್ಲಿ, ಗಿಡ್ಡ ಮೈಕಟ್ಟಿನವರಲ್ಲಿ ಕಡಿಮೆ ಇರುತ್ತೆ. ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದ್ದವರಲ್ಲಿ ಉಬ್ಬಿದ ಶ್ವಾಸಕೋಶ ಲಿವರನ್ನು ಕೆಳಕ್ಕೆ ತಳ್ಳಿರುತ್ತದೆ, ಕೆಳ ಅಂಚೊಂದನ್ನೇ ನೋಡಿ ಲಿವರ್ ದೊಡ್ಡದಾಗಿದೆ ಅನ್ನಬೇಡಿ. ಅಳತೆಗೆ ಎರಡು ಅಂಚು ಬೇಕು ಅನ್ನುವುದು ಇದಕ್ಕೇ.

ನೀರು ಇದೆ ಅನ್ನಿಸಿದರೆ ಶಿಫ್ಟಿಂಗ್ ಡಲ್‌ನೆಸ್ (ಮಂದ ಸದ್ದು ಜಾಗ ಬದಲಿಸುವುದು) ನೋಡಿ. ಹೊಕ್ಕಳಿಂದ ಪಕ್ಕಕ್ಕೆ ತಟ್ಟುತ್ತಾ ಡಲ್ ಆದಲ್ಲಿ ಬೆರಳು ನಿಲ್ಲಿಸಿ. ಬೆರಳು ಎತ್ತದೆ ರೋಗಿಯನ್ನು ಎದುರು ಮಗ್ಗುಲಿಗೆ ತಿರುಗಿಸಿ, ಅರ್ಧ ನಿಮಿಷ ಕಾದು ಮತ್ತೆ ತಟ್ಟಿ. ಅದೇ ಜಾಗ ಈಗ ಟಿಂಪನಿ ಆದರೆ ನೀರು ಕೆಳಗಿಳಿದಿದೆ, ಕರುಳು ತೇಲಿ ಮೇಲೆ ಬಂದಿದೆ ಅಂತ ಅರ್ಥ. ಸಾಧಾರಣ ಒಂದೂವರೆ ಲೀಟರಾದರೂ ನೀರು ಇದ್ದರೆ ಮಾತ್ರ ಇದು ನಂಬಿಕೆಯಾಗಿ ಸಿಗುತ್ತೆ, ಕಡಿಮೆ ಇದ್ದರೆ ಸ್ಕ್ಯಾನೇ ಗತಿ.

ಮುಟ್ಟುವುದು. ಮೊದಲು ಹಗುರ: ನಾಲ್ಕು ಬೆರಳು ಜೋಡಿಸಿ, ಮುಂಗೈ ಹೊಟ್ಟೆಗೆ ಸಮವಾಗಿ ಹಿಡಿದು ಸುಮಾರು 1 ಸೆಂ.ಮೀ ಒತ್ತಿ, ಸಣ್ಣ ಸುತ್ತು ತಿರುಗಿಸಿ, ಎತ್ತಿ, ಮುಂದಿನ ಜಾಗಕ್ಕೆ. ಎಳೆದುಕೊಂಡು ಹೋಗಬೇಡಿ. ಬೆರಳ ತುದಿಯಿಂದ ಚುಚ್ಚಬೇಡಿ. ಕಣ್ಣು ನಿಮ್ಮ ಕೈ ಮೇಲಲ್ಲ, ರೋಗಿಯ ಮುಖದ ಮೇಲಿರಲಿ. ಬಾಯಿ "ನೋವಿಲ್ಲ" ಅಂದರೂ ಹುಬ್ಬು ಗಂಟಾಗುತ್ತದೆ. ಆಮೇಲೆ ಆಳವಾಗಿ, 5 ಸೆಂ.ಮೀವರೆಗೆ. ದಪ್ಪ ಹೊಟ್ಟೆಯಾದರೆ ಒಂದು ಕೈ ಮೇಲೆ ಇನ್ನೊಂದು ಕೈ: ಮೇಲಿನದು ಒತ್ತಲಿ, ಕೆಳಗಿನದು ಬರೀ ತಿಳಿಯಲಿ. ಕಚಗುಳಿ ಆಗುವವರಿಗೆ ಅವರದೇ ಕೈ ಹೊಟ್ಟೆ ಮೇಲಿಟ್ಟು ಅದರ ಮೇಲೆ ನಿಮ್ಮ ಕೈ ಇಡಿ, ನಗು ನಿಲ್ಲುತ್ತೆ.

ಲಿವರಿಗೆ ಬಲ ಕೆಳಭಾಗದಿಂದ ಶುರು. ಪಕ್ಕೆಲುಬಿನ ಅಂಚಿನಲ್ಲೇ ಶುರು ಮಾಡುವುದು ಸಾಮಾನ್ಯ ತಪ್ಪು, ತುಂಬಾ ದೊಡ್ಡದಾದ ಲಿವರ್ ಇದ್ದರೆ ನಿಮ್ಮ ಕೈ ಅದರ ಮೇಲೆಯೇ ಕೂತಿರುತ್ತದೆ, ಅಂಚು ಸಿಗುವುದೇ ಇಲ್ಲ. ಎಡಗೈ ಬೆನ್ನಿನಡಿ 11, 12ನೇ ಪಕ್ಕೆಲುಬಿನ ಹತ್ತಿರ ಇಟ್ಟು ಸ್ವಲ್ಪ ಮೇಲೆತ್ತಿ. ಬಲಗೈ ಬೆರಳು ಒಳಗೆ ಒತ್ತಿ ನಿಲ್ಲಿಸಿ. ರೋಗಿ ಉಸಿರು ಎಳೆದಾಗ ಡಯಾಫ್ರಮ್ (ಎದೆ ಮತ್ತು ಹೊಟ್ಟೆ ನಡುವಿನ ಸ್ನಾಯು ಪರದೆ) ಲಿವರನ್ನು ಕೆಳಕ್ಕೆ ದೂಡುತ್ತೆ, ಅಂಚು ತಾನಾಗಿ ನಿಮ್ಮ ಬೆರಳಿಗೆ ಬಂದು ತಾಗಬೇಕು. ಉಸಿರು ಬಿಟ್ಟಾಗ ಕೈಯನ್ನು ಒಂದೆರಡು ಸೆಂ.ಮೀ ಮೇಲೆ ಸರಿಸಿ, ಮತ್ತೆ ಉಸಿರು. ಹೆಚ್ಚಿನವರು ಉಸಿರು ಎಳೆಯುವಾಗಲೇ ಕೈ ಸರಿಸುತ್ತಾರೆ, ಅದಕ್ಕೇ "ಸಿಗವಲ್ದು". ಅಂದ ಹಾಗೆ ಆರೋಗ್ಯವಂತರಲ್ಲಿ ಲಿವರ್ ಸಿಗದಿರುವುದೂ ನಾರ್ಮಲ್ಲೇ, ಸಿಗಲಿಲ್ಲ ಅಂತ ಗಾಬರಿಯಾಗಿ ಸುಳ್ಳು ಬರೆಯಬೇಡಿ.

ಸ್ಪ್ಲೀನ್ ಬಗ್ಗೆ 1, 3, 5, 7, 9, 11 ನೆನಪಿಡಿ. ಒಂದಿಂಚು ದಪ್ಪ, ಮೂರಿಂಚು ಅಗಲ, ಐದಿಂಚು ಉದ್ದ, ಏಳು ಔನ್ಸ್ ತೂಕ, 9ರಿಂದ 11ನೇ ಪಕ್ಕೆಲುಬಿನ ಹಿಂದೆ. ಅದು ದೊಡ್ಡದಾದರೆ ಓರೆಯಾಗಿ ಹೊಕ್ಕಳ ಕಡೆಗೆ, ಬಲ ಕೆಳಭಾಗದತ್ತ ಬೆಳೆಯುತ್ತದೆ. ಆದ್ದರಿಂದ ಅದಕ್ಕೂ ಬಲ ಕೆಳಗಿನಿಂದಲೇ ಎಡ ಮೇಲಕ್ಕೆ ಹೋಗಿ. ಎರಡು ಮೂರು ಪಟ್ಟು ಬೆಳೆಯದೆ ಕೈಗೆ ಸಿಗುವುದಿಲ್ಲ. ಸಿಕ್ಕಿದರೆ ಮತ್ತೆ ಮತ್ತೆ ಒತ್ತಿ ನೋಡಬೇಡಿ, ಒಡೆಯುವ ಅಂಗ ಅದು.

ಒತ್ತಲೇಬಾರದ ಸಂದರ್ಭ: ಮಿಡಿಯುವ ಗಡ್ಡೆ, ಮಗುವಿನಲ್ಲಿ ವಿಲ್ಮ್ಸ್ ಟ್ಯೂಮರ್ (ಕಿಡ್ನಿಯ ಕ್ಯಾನ್ಸರ್ ಗಡ್ಡೆ) ಸಂಶಯ, ಪೆಟ್ಟಿನಿಂದ ಸ್ಪ್ಲೀನ್ ಒಡೆದ ಸಂಶಯ, ಕಸಿ ಮಾಡಿದ ಕಿಡ್ನಿ. ರಿಬೌಂಡ್ ಟೆಂಡರ್‌ನೆಸ್ (ಕೈ ಬಿಟ್ಟಾಗ ಬರುವ ನೋವು) ನೋಡೋಕೆ ಒತ್ತಿ ತಟ್ಟನೆ ಬಿಡುವುದನ್ನು ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಮಾಡಬೇಡಿ. ಕೆಮ್ಮಿಸಿ ನೋಡಿ, ಪೆರಿಟೋನಿಯಮ್ ಕೆರಳಿದ್ದರೆ ಕೆಮ್ಮಿಗೇ ಮುಖ ಕಿವುಚುತ್ತಾರೆ, ಜಾಗವನ್ನು ಅವರೇ ಹಿಡಿದು ತೋರಿಸುತ್ತಾರೆ.

ಕ್ಯಾಜುವಲ್ಟಿ_ಸ್ಟಾಫ್_ಬೆಳಗಾವಿ:

ಒಂದು ಬೆರಳು, ಇಡೀ ಅಂಗೈ ಅಂದ ಟ್ಯೂಟರ್ ಮೇಡಮ್ ಅದನ್ನ ಅಲ್ಲಿಗೇ ಬಿಟ್ರು, ನಾ ಮುಂದುವರಸ್ತೀನಿ. ಕರುಳಿನ ಸ್ವಂತ ನೋವು, ಅಂದ್ರ ವಿಸರಲ್ ನೋವು, ಮಂದ, ನಡಗೆರಿಯೊಳಗ, ಎಲ್ಲಿ ಅಂತ ಹೇಳಾಕ ಬರಂಗಿಲ್ಲ. ರೋಗಿ ಅಂಗೈ ಆಡಿಸ್ತಾರ. ಜಠರ, ಡ್ಯುವೋಡಿನಮ್, ಪಿತ್ತಕೋಶದ್ದು ಎಪಿಗ್ಯಾಸ್ಟ್ರಿಯಂದಾಗ, ಸಣ್ಣ ಕರುಳು ಮತ್ತ ಅಪೆಂಡಿಕ್ಸ್‌ದು ಹೊಕ್ಕಳ ಸುತ್ತ, ದೊಡ್ಡ ಕರುಳಿನ ಕೊನಿ ಭಾಗದ್ದು ಕಿಬ್ಬೊಟ್ಟಿಯೊಳಗ. ಉರಿ ಒಳಪೊರಿಗೆ, ಪೆರೈಟಲ್ ಪೆರಿಟೋನಿಯಮ್‌ಗೆ ಮುಟ್ಟಿದ್ರ ನೋವು ಚೂಪ ಆಗತೈತಿ, ಒಂದು ಬೆರಳಿಗೆ ಸಿಗತೈತಿ. ಅಪೆಂಡಿಸೈಟಿಸ್ ಅದಕ್ಕ ಹೊಕ್ಕಳ ಸುತ್ತ ಸುರು ಆಗಿ ತಾಸುಗಟ್ಟಲೆ ಕಳದ ಮ್ಯಾಲ ಬಲ ಕೆಳಗ ಬಂದು ಕೂಡತೈತಿ. ಸೊಂಟದ ಮುಂದಿನ ಮೂಳಿ ತುದಿಯಿಂದ ಹೊಕ್ಕಳಕ್ಕ ಗೆರಿ ಎಳದು, ಮೂಳಿ ಕಡಿಂದ ಮೂರನೇ ಒಂದು ಭಾಗಕ್ಕ ಬೆರಳಿಡ್ರಿ, ಅದ ಮ್ಯಾಕ್‌ಬರ್ನಿ ಪಾಯಿಂಟ್. ಈ ಸಂಶಯ ಇದ್ರ ಬಿಸಿನೀರಿನ ಚೀಲ ಇಡಬ್ಯಾಡ್ರಿ, ಎನಿಮಾ, ಜುಲಾಬು ಕೊಡಬ್ಯಾಡ್ರಿ, ಒಡೀತೈತಿ. ಬಾಯಿಗೆ ಏನೂ ಕೊಡಬ್ಯಾಡ್ರಿ, ನೀರು ಸಹಿತ.

ನಮ್ಮ ಕಡೆ ಮಾತು ತಿಳ್ಕೊಳ್ಳೋದು ಪರೀಕ್ಷಾದ ಅರ್ಧ ಕೆಲಸ. "ಹೊಟ್ಟಿ ಮುರಿತೈತಿ" ಅಂದ್ರ ಬಿಟ್ಟು ಬಿಟ್ಟು ಬರೋ ಕಾಲಿಕ್, ಹೆಚ್ಚಾಗಿ ಬೇದಿ ಜೋಡಿ. "ಚಳಕು ಹೊಡೀತೈತಿ" ಅಂದ್ರ ಚುಚ್ಚಿದಂಗ. "ಬಟ್ಟಿ ಸರದೈತಿ" (ಹೊಕ್ಕಳ ಜಾಗ ಬಿಟ್ಟೈತಿ ಅನ್ನೋ ಜನರ ನಂಬಿಕಿ) ಅಂತ ಹೊಟ್ಟಿ ತಿಕ್ಕಿಸಿಕೊಂಡು ಬಂದವರಿಗೆ ಯಾವಾಗ ತಿಕ್ಕಿಸಿದ್ರಿ, ಅದರ ಮ್ಯಾಲ ನೋವು ಹೆಚ್ಚಾತೇನು ಅಂತ ಕೇಳ್ರಿ. "ಗ್ಯಾಸ್ ಆಗೇತಿ" ಅಂದ್ರ ಹುಷಾರು. ವಯಸ್ಸಾದವರು, ಸಕ್ಕರಿ ಕಾಯಿಲೆ ಇದ್ದವರು, ಬೆವರು ಬಿಟ್ಟು ಎಪಿಗ್ಯಾಸ್ಟ್ರಿಯಂ ಹಿಡಕೊಂಡು ಬಂದ್ರ ಹೊಟ್ಟಿ ಮುಟ್ಟೋ ಮೊದ್ಲು ಇಸಿಜಿ. ಹೃದಯದ ಕೆಳಭಾಗದ ಅಟ್ಯಾಕ್ ಗ್ಯಾಸಿನ ವೇಷದಾಗ ಬರತೈತಿ. ಹೆರೋ ವಯಸ್ಸಿನ ಹೆಣ್ಣಮಗಳಿಗೆ ಕಿಬ್ಬೊಟ್ಟಿ ನೋವು, ಚಕ್ಕರ್ ಬಂತು ಅಂದ್ರ ಮುಟ್ಟು ಯಾವಾಗ ಆಗಿತ್ತು ಅಂತ ತಪ್ಪದ ಕೇಳ್ರಿ, ಮಂದಿ ಮುಂದ ಅಲ್ಲ, ಪರದೆ ಒಳಗ. ಎಕ್ಟೋಪಿಕ್ (ಗರ್ಭಕೋಶದ ಹೊರಗ ನಿಂತ ಗರ್ಭ) ಮರೆತ್ರ ಜೀವಕ್ಕ ಬರತೈತಿ.

ಮಲ ಹೆಂಗ ಹೋತು ಅಂತ ಕೇಳೋದಕ್ಕ ನಾಚಬ್ಯಾಡ್ರಿ. "ಸಂಡಾಸ ಆತೇನ್ರಿ, ಹಿಂದ ಗಾಳಿ ಹೋತೇನ್ರಿ, ಬಣ್ಣ ಹೆಂಗಿತ್ತು?" ಡಾಂಬರಿನಂಗ ಕರ್ರಗ, ಜಿಗಟ, ನಾತ ಅಂದ್ರ ಮ್ಯಾಲಿನ ಕರುಳಿನ ರಕ್ತ. ಐರನ್ ಗುಳಿಗಿ ತಗೊಂಡ್ರೂ ಕಪ್ಪ ಆಗತೈತಿ, ಅದನ್ನೂ ಕೇಳ್ರಿ. ಬೆಳಗಾವಿ ವಾರ್ಡಿನ್ಯಾಗ ಅರ್ಧ ಮಂದಿಗೆ ಮರಾಠಿ ಬೇಕು: "ಕುಠೇ ದುಖತಂಯ್?" (ಎಲ್ಲಿ ನೋಯತೈತಿ?), "ಮೋಠಾ ಶ್ವಾಸ ಘ್ಯಾ" (ದೊಡ್ಡ ಉಸಿರು ತಗೋರಿ), "ಸೋಡಾ" (ಬಿಡ್ರಿ). ಈ ಮೂರು ಬಂದ್ರ ಲಿವರ್ ಪಾಲ್ಪೇಶನ್ (ಮುಟ್ಟಿ ನೋಡೋದು) ಪಾರು.

ಹೆರಿಗೆ_ವಾರ್ಡ್:

ಎಲ್ಲರೂ ಲಿವರ್ ಹಿಂದೆ ಬಿದ್ದಿದ್ದಾರೆ, ನರ್ಸ್ ಕೈಗೆ ದಿನಾ ಸಿಗೋದು ಮೂತ್ರಕೋಶ. ಪ್ಯೂಬಿಕ್ ಮೂಳೆ ಮೇಲೆ ನಡುವಲ್ಲಿ ನುಣ್ಣಗೆ, ದುಂಡಗೆ, ತಟ್ಟಿದರೆ ಡಲ್, ಒತ್ತಿದರೆ "ಒಂದಕ್ಕ ಬಂತು" ಅಂತಾರೆ. 150 ಎಂಎಲ್‌ಗಿಂತ ಕಡಿಮೆ ಇದ್ದರೆ ತಟ್ಟಿ ಗೊತ್ತಾಗುವುದು ಕಷ್ಟ. ಬಾಣಂತಿಯಲ್ಲಿ ಗರ್ಭಕೋಶ ಹೊಕ್ಕಳಿಗಿಂತ ಮೇಲೆ, ಬಲಕ್ಕೆ ವಾಲಿ, ಮೆತ್ತಗೆ ಸಿಕ್ಕಿತು ಅಂದರೆ ಮೊದಲ ಅನುಮಾನ ತುಂಬಿದ ಮೂತ್ರಕೋಶ. ಅದು ಗರ್ಭಕೋಶವನ್ನು ಸಂಕುಚಿಸೋಕೆ ಬಿಡುವುದಿಲ್ಲ, ರಕ್ತ ಹೋಗುತ್ತೆ. ಮೂತ್ರ ಮಾಡಿಸಿ ಮತ್ತೆ ಮುಟ್ಟಿ ನೋಡಿ. ಹೆರಿಗೆ ಆಗಿ 12 ಗಂಟೆಗೆ ಫಂಡಸ್ (ಗರ್ಭಕೋಶದ ಮೇಲ್ತುದಿ) ಹೊಕ್ಕಳ ಮಟ್ಟದಲ್ಲಿ, ಅಲ್ಲಿಂದ ದಿನಕ್ಕೆ ಸುಮಾರು 1 ಸೆಂ.ಮೀ ಇಳಿಯುತ್ತೆ.

ಸೆಕೆಂಡ್_ಸೆಮ್_ಬಾಗಲಕೋಟಿ:

ಬಾಳ ಉಪಕಾರ ಆತ್ರಿ ಎಲ್ಲಾರದ್ದು. ಕೊನೇದು ಒಂದ: ಅಬ್ಡಾಮಿನಲ್ ಗರ್ತ್ (ಹೊಟ್ಟಿ ಸುತ್ತಳತಿ) ಒಬ್ಬೊಬ್ರು ಅಳದ್ರ ಒಂದೊಂದು ಬರ್ತೈತಿ. ಬೆಳಿಗ್ಗಿ 92, ಸಂಜಿಗೆ 96. ಮತ್ತ ಫೈಂಡಿಂಗ್ ಹೆಂಗ ಬರೀಬೇಕು?

ಸರ್ಜಿಕಲ್_ವಾರ್ಡ್_ವಿಜಯಪುರ:



4 ಸೆಂ.ಮೀ ಫರಕ್ ಬಂದ್ರ ಮೊದ್ಲು ಟೇಪಿನ ಮ್ಯಾಲ ಸಂಶಯ ಪಡ್ರಿ. ಅಂಗಾತ ಮಲಗಿಸಿ, ಉಡಿದಾರ ಮ್ಯಾಲ ಸರಿಸಿ, ಹೊಕ್ಕಳ ಮಟ್ಟಕ್ಕ ಟೇಪ್ ಸುತ್ತಿ. ಬೆನ್ನ ಕೆಳಗ ಟೇಪ್ ಜಾರಿ ಓರೆ ಆಗಿರ್ತದ, ತಪ್ಪು ಬರೋದು ಅಲ್ಲೇ. ಬಗ್ಗಿ ಎರಡೂ ಬಾಜೂ ನೋಡ್ರಿ. ಉಸಿರು ಪೂರ್ತಿ ಬಿಟ್ಟ ಮ್ಯಾಲ ಓದ್ರಿ, ಟೇಪ್ ಚರ್ಮಕ್ಕ ತಾಗಿರ್ಲಿ, ಒಳಗ ಕಚ್ಚಬಾರ್ದು. ಎರಡೂ ಬಗಲಿಗೆ ಟೇಪಿನ ಅಂಚಿಗೆ ಪೆನ್ನಿನ ಗುರುತು ಹಾಕ್ರಿ, ಮುಂದಿನ ಪಾಳಿಯವರು ಅದರ ಮ್ಯಾಲೇ ಅಳೀಲಿ. ದಿನಾ ಒಂದೇ ಹೊತ್ತು, ಮೂತ್ರ ಆದ ಮ್ಯಾಲ, ನಾಷ್ಟಾಕ್ಕಿಂತ ಮೊದ್ಲು. ನೀರಿನ ಹೊಟ್ಟಿಯವರಿಗೆ ಅದೇ ಹೊತ್ತಿಗೆ ತೂಕನೂ ಹಿಡೀರಿ. ಬೆಳಿಗ್ಗಿ ಸಂಜಿ ಹೋಲಿಸಬ್ಯಾಡ್ರಿ, ಬೆಳಿಗ್ಗಿಗೆ ಬೆಳಿಗ್ಗಿ ಹೋಲಸ್ರಿ.

ಬರಿಯೋದು: "ಹೊಟ್ಟಿ ನಾರ್ಮಲ್" ಅಂತ ಒಂದು ಸಾಲು ಬರದ್ರ ಯಾರಿಗೂ ಉಪಯೋಗಿಲ್ಲ. ಕಂಡಿದ್ದು ಬರೀರಿ. "ಅಬ್ಡಾಮೆನ್ ಫ್ಲ್ಯಾಟ್, ಸಿಮೆಟ್ರಿಕಲ್. ಬಲ ಕೆಳಭಾಗದಲ್ಲಿ 5 ಸೆಂ.ಮೀ ಹಳೆ ಗಾಯದ ಗುರುತು. ಬವೆಲ್ ಸೌಂಡ್ ನಾಲ್ಕೂ ಕಡೆ ಇವೆ, ನಿಮಿಷಕ್ಕೆ 12. ಬ್ರೂಯಿ ಇಲ್ಲ. ಟಿಂಪನಿ. ಲಿವರ್ ಸ್ಪ್ಯಾನ್ 9 ಸೆಂ.ಮೀ. ಸಾಫ್ಟ್, ನೋವಿಲ್ಲ, ಗಡ್ಡೆ ಸಿಗಲಿಲ್ಲ. ಕೊನೆಯ ಮಲವಿಸರ್ಜನೆ ಇಂದು ಬೆಳಿಗ್ಗೆ 6ಕ್ಕೆ." ರೋಗದ ಹೆಸರು ಬರಿಬ್ಯಾಡ್ರಿ, ಅದು ನಿಮ್ಮ ಕೆಲಸ ಅಲ್ಲ. "ಬಲ ಕೆಳಗ ಒತ್ತಿದ್ರ ನೋವು, ಸ್ನಾಯು ಬಿಗಿ" ಅನ್ರಿ, "ಅಪೆಂಡಿಸೈಟಿಸ್" ಅನಬ್ಯಾಡ್ರಿ.

ಬಿಗಿ ಅನ್ನೋದ್ರಾಗೂ ಎರಡು ಥರ ಅದ. ಹೆದರಿಕಿ, ಥಂಡಿ ಕೈಗೆ ಹಿಡಿದ ಬಿಗಿ ಉಸಿರು ಬಿಟ್ಟಾಗ ಸಡಿಲ ಆಗ್ತದ. ಸಡಿಲ ಆಗದ, ಹಲಗಿಯಂಗ ಗಟ್ಟಿ ನಿಂತ ಹೊಟ್ಟಿ ಪೆರಿಟೋನೈಟಿಸ್ ಕಡೆ ಕೈ ತೋರಸ್ತದ. ಅಂಥಾ ಹೊಟ್ಟಿ ಜೋಡಿ ನಾಡಿ ಏರಾಕತ್ತಿದ್ರ, ಬಿಪಿ ಇಳಿಯಾಕತ್ತಿದ್ರ, ಮೂತ್ರ ತಾಸಿಗೆ 30 ಎಂಎಲ್‌ಗಿಂತ ಕಡಿಮಿ ಆದ್ರ ಪೂರ್ತಿ ಪರೀಕ್ಷಾ ಮುಗಿಸ್ಕೊಂತ ನಿಲ್ಲಬ್ಯಾಡ್ರಿ. ಡ್ಯೂಟಿ ಡಾಕ್ಟರ್‌ಗೆ ಫೋನ್ ಹಚ್ಚರಿ, ಬೆಡ್ ನಂಬರ್, ವೈಟಲ್ಸ್, ಹೊಟ್ಟಿ ಹೆಂಗ ಅದ, ಎಷ್ಟು ಹೊತ್ತಿನಿಂದ ಹಂಗದ, ಇಷ್ಟು ಹೇಳ್ರಿ. ಅವರು ಬರೋದ್ರೊಳಗ ಐವಿ ಲೈನ್ ನಡ್ಯಾಕತ್ತದಯೋ ನೋಡ್ರಿ, ಬಾಯಿಗೆ ಏನೂ ಕೊಡಬಾರ್ದು ಅಂತ ಸಂಬಂಧಿಕರಿಗೆ ಹೇಳ್ರಿ. ಎಳನೀರು ಹಿಡ್ಕೊಂಡು ನಿಂತಿರ್ತಾರ ಅವರು.